ಕಾಶಿಬಾಯಿಯ ನಳದಲ್ಲಿ ಬಿಸಿನೀರು

೧೯೪೮ರ ಬೇಸಿಗೆ. ಆಳಂದದ ಪೇಟೆ ಹಿಂದಿನ ಓಣಿಯಲ್ಲಿ ಕಾಶಿಬಾಯಿ ಮಧ್ಯಾಹ್ನ ರೊಟ್ಟಿಗೆ ಹಿಟ್ಟು ನಾದಲು ಕೂತು ನಳ ತಿರುವಿದಳು. ಕೈ ಹಿಂದೆ ಸರಿಯಿತು. ಸ್ನಾನಕ್ಕೆ ಕಾಯಿಸಿದ ಹಾಗೆ ನೀರು ಬಿಸಿಯಾಗಿತ್ತು. ಹಿಂದಿನ ಎರಡು ಬೇಸಿಗೆಯಲ್ಲೂ ಇದೇ ನಳದಲ್ಲಿ ತಣ್ಣನೆಯ ನೀರು ಬಂದಿತ್ತು.

ಆ ನಳ ಹಾಕಿಕೊಟ್ಟವನು ಪಕ್ಕದ ಮನೆಯ ಇಸ್ಮಾಯಿಲ. ಅರಳೆ ಗಿರಣಿಯಲ್ಲಿ ಅವನದು ಪೈಪು ಜೋಡಿಸುವ ಕೆಲಸ. ಬಾವಿ ಕಾಶಿಬಾಯಿಯ ಮನೆಯವರದು, ನೀರು ತುಂಬಿಡುವ ಕಬ್ಬಿಣದ ಟಾಕಿ ಇಸ್ಮಾಯಿಲನದು. ಎರಡು ಮನೆಗಳ ನಡುವೆ ಬೇವಿನ ಮರದ ಕೆಳಗೆ ಕಟ್ಟೆಯ ಮೇಲೆ ಟಾಕಿ ಇತ್ತು. ದಿನಾ ಬೆಳಿಗ್ಗೆ ಅವನ ಹೆಂಡತಿ ಖುರ್ಷಿದ ಮತ್ತು ಕಾಶಿಬಾಯಿ ಕೈಪಂಪು ಒತ್ತಿ ಅದನ್ನು ತುಂಬುತ್ತಿದ್ದರು. ಒತ್ತುತ್ತಲೇ ಮನೆಯ ಸುಖದುಃಖ ಹೇಳಿಕೊಳ್ಳುತ್ತಿದ್ದರು. ಕಾಶಿಬಾಯಿಯ ಎರಡು ಹೆರಿಗೆಯಲ್ಲೂ ಪಕ್ಕದಲ್ಲಿ ಕೂತವಳು ಖುರ್ಷಿದಳೇ.

ಆದರೆ ಆ ವರ್ಷ ಊರಿನ ಗಾಳಿಯೇ ಕೆಟ್ಟಿತ್ತು. ಹಿಂದೂಗಳಿಗೆ ಮುಸಲ್ಮಾನರ ಮೇಲೆ, ಮುಸಲ್ಮಾನರಿಗೆ ಹಿಂದೂಗಳ ಮೇಲೆ ಅನುಮಾನ. ದಿನಕ್ಕೊಂದು ಸುದ್ದಿ. ಎದುರುಮನೆ ಗೌರಾಬಾಯಿ ನೀರು ಮುಟ್ಟಿ ನೋಡಿ ಗಲ್ಲಕ್ಕೆ ಕೈಹಚ್ಚಿದಳು.

"ಬೆಂಕಿ ಇಲ್ಲದ ನೀರು ಕಾಯ್ತದೇನ್ ಬೇ? ಟಾಕಿ ಯಾರದು, ವಿಚಾರ ಮಾಡು. ಏನರ ವಿಷದ ಔಷಧ ಹಾಕ್ಯಾರ."

"ಹಂಗ ಅನಬ್ಯಾಡ್ರಿ. ಖುರ್ಷಿದ ಅಂಥಾಕಿ ಅಲ್ಲ."

"ಮಕ್ಕಳ ತಾಯಿ ಇದ್ದಿ. ನೋಡ್ಕೋ."

ಆ ಮಾತು ಕಾಶಿಬಾಯಿಯ ಎದೆಯಲ್ಲಿ ನಾಟಿತು. ಮರುದಿನ ಅವಳು ಪಂಪಿಗೆ ಹೋಗದೆ ಬಾವಿಯಿಂದ ಸೇದಿಕೊಂಡಳು. ಮೂರನೆಯ ದಿನ ಮಧ್ಯಾಹ್ನ ಖುರ್ಷಿದ ಹಿತ್ತಲ ಬಾಗಿಲಿಗೆ ಬಂದಳು.

"ಅಕ್ಕಾ, ಮೈಯಾಗ ಆರಾಮಿಲ್ಲೇನು? ಪಂಪಿಗಿ ಬರಲಿಲ್ಲ."

"ನಿಮ್ಮ ಟಾಕಿ ನೀರು ನಮಗ ಬ್ಯಾಡ."

"ಯಾಕಕ್ಕಾ?"

"ಅದರಾಗ ಏನ್ ಹಾಕೀರಿ ಅಂಬೋದು ನಿಮಗೇ ಗೊತ್ತು."

ಖುರ್ಷಿದ ನಳದಿಂದ ಒಂದು ತಂಬಿಗೆ ಬಿಸಿನೀರು ಹಿಡಿದು, ಕಾಶಿಬಾಯಿಯ ಕಣ್ಣೆದುರೇ ಕೊನೆಯ ಹನಿಯವರೆಗೆ ಕುಡಿದಳು. ತಂಬಿಗೆ ಕೆಳಗಿಟ್ಟು ಹೊರಟುಹೋದಳು. ಕಾಶಿಬಾಯಿಗೆ ಕರೆಯಬೇಕೆನಿಸಿತು, ಕರೆಯಲಿಲ್ಲ.

ಗೌರಾಬಾಯಿಯ ಬಾಯಿಂದ ಸುದ್ದಿ ಓಣಿಗೆಲ್ಲ ಹರಡಿತು. ಇಸ್ಮಾಯಿಲನ ಬಾಗಿಲಿಗೆ ಕಲ್ಲು ಬಿತ್ತು. ವಾರದೊಳಗೆ ಗಂಡಹೆಂಡತಿ ಮನೆಗೆ ಬೀಗ ಹಾಕಿ, ಗಾಡಿ ಕಟ್ಟಿಸಿಕೊಂಡು ಜೇವರ್ಗಿಯಲ್ಲಿದ್ದ ಖುರ್ಷಿದಳ ತವರಿಗೆ ಹೋಗಿಬಿಟ್ಟರು.

ಆಮೇಲೆ ಕಾಶಿಬಾಯಿ ಅವರು ಬಿಟ್ಟುಹೋದ ಟಾಕಿ ತಿಕ್ಕಿ ತೊಳೆದು, ತನ್ನ ಕೈಯಾರೆ ತುಂಬಿದಳು. ಮಧ್ಯಾಹ್ನ ನಳ ತಿರುವಿದರೆ ಮತ್ತೆ ಬಿಸಿನೀರು! ಈಗ ಔಷಧ ಹಾಕಿದವರು ಯಾರು?

ಅದೇ ಹೊತ್ತಿಗೆ ಅವಳ ಅಣ್ಣ ನಾಗಣ್ಣ ಸೊಲ್ಲಾಪುರದಿಂದ ಬಂದಿದ್ದ. ಅಲ್ಲಿನ ಗಿರಣಿಯೊಂದರಲ್ಲಿ ಅವನದೂ ನಳದ ಕೆಲಸವೇ. ತಂಗಿ ಹೇಳಿದ್ದನ್ನೆಲ್ಲ ಕೇಳಿ, ಅವಳ ಕೈ ಹಿಡಿದು ಟಾಕಿಯ ಮೇಲಿಟ್ಟ.

"ಹೆಂಗದ?"

"ತಣ್ಣಗದ."

ಆಮೇಲೆ ನಳದ ಕೆಳಗೆ ಕೊಡ ಇಟ್ಟು ನೀರು ಬಿಟ್ಟ. ಮೊದಮೊದಲು ಬಿಸಿ. ಕೊಡ ತುಂಬುವಷ್ಟರಲ್ಲಿ ನೀರು ತಣ್ಣಗಾಯಿತು.

"ಟಾಕಿ ನೀರೇ ಕಾದಿದ್ರ ಕಡೀತನಕ ಬಿಸೀನೇ ಬರ್ತಿತ್ತು ತಂಗಿ. ಇದು ಪೈಪಿನಾಗ ನಿಂತ ನೀರು ಕಾದದ್ದು. ಬಾ, ಪೈಪು ನೋಡೂಣು."

ಗೋಡೆಯ ಪಕ್ಕದ ತಗ್ಗಿನಲ್ಲಿ ಕಪ್ಪು ಪೈಪು ಉದ್ದಕ್ಕೂ ಬಿಸಿಲಿಗೆ ಬಿದ್ದಿತ್ತು. ಮುಟ್ಟಿದರೆ ಬೆರಳು ಸುಟ್ಟಿತು.

"ಇದು ಗೇಣುದ್ದ ಆಳದಾಗ ಹುಗದ ಪೈಪು. ಮ್ಯಾಲಿನ ಮಣ್ಣು ಯಾರ ತಗದ್ರಿ?"

ಕಾಶಿಬಾಯಿಯ ಗಂಡ ದೇವಿಂದ್ರಪ್ಪ ತಲೆ ತಗ್ಗಿಸಿದ. "ನಾನೇ ತಗದೆ. ಹೋದ ಮಳಿಗಾಲದಾಗ ಮಾಳಿಗಿ ಸೋರ್ತಿತ್ತು, ಅದರ ಮ್ಯಾಲ ಹಾಕ್ಲಿಕ್ಕೆ."

ಸಂಜೆಗೆ ಪೈಪಿನ ಮೇಲೆ ಮಣ್ಣು ಮುಚ್ಚಿದರು. ಎರಡು ದಿನದಲ್ಲಿ ನೀರು ಮೊದಲಿನ ಹಾಗೆ ತಣ್ಣಗೆ ಬಂತು. ಕಾಶಿಬಾಯಿ ಅದನ್ನು ಕುಡಿಯಲಿಲ್ಲ.

ಗಂಡನನ್ನು ಹೊರಡಿಸಿಕೊಂಡು ಅವಳು ಜೇವರ್ಗಿಗೆ ಹೋದಳು. ಖುರ್ಷಿದ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕರೆದು ಚಾಪೆ ಹಾಸಿದಳು. ಕಾಶಿಬಾಯಿ ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು.

"ತಪ್ಪಾತು ತಂಗಿ. ನಮ್ಮವರೇ ಮಣ್ಣು ತಗದಿದ್ರು, ಪೈಪು ಬಿಸಿಲಿಗಿ ಕಾದಿತ್ತು. ನಾ ನಿನ್ನ ಮ್ಯಾಲ ಹೊರಿಸಿದೆ. ಬಾ, ಮನಿಗಿ ಹೋಗೂಣು."

ಖುರ್ಷಿದ ಅವಳನ್ನು ಚಾಪೆಯ ಮೇಲೆ ಕೂರಿಸಿದಳು.

"ನೀ ಬಂದಿ, ಅಷ್ಟು ಸಾಕಕ್ಕಾ. ಆದ್ರ ಕಲ್ಲು ಬಿದ್ದ ಬಾಗಿಲಿಗಿ ನಾ ಹೆಂಗ ಬರಲಿ? ಮನಿ ಮಾರೇವಿ." ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು: "ಮಕ್ಕಳು ಆರಾಮ ಅದಾವೇನು?"

ಕಾಶಿಬಾಯಿ ತಲೆಯಾಡಿಸಿದಳು. ಊರಿಗೆ ಬಂದ ದೇವಿಂದ್ರಪ್ಪ ಓಣಿಯ ಒಂದೊಂದು ಬಾಗಿಲಿಗೂ ಹೋಗಿ ತನ್ನ ತಪ್ಪು ಹೇಳಿಕೊಂಡ. ಗೌರಾಬಾಯಿ ಬಾಗಿಲ ಹಿಂದೆ ನಿಂತು ಕೇಳಿದಳು. ಖುರ್ಷಿದ ಮಾತ್ರ ತಿರುಗಿ ಬರಲಿಲ್ಲ.

ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ತಣ್ಣೀರಿನ ನಳದಲ್ಲಿ ಬಿಸಿನೀರು ಬಂದರೆ ಮೊದಲು ಒಂದು ಕೊಡ ಬಿಟ್ಟು ನೋಡಿರಿ. ಆಮೇಲೆ ತಣ್ಣಗಾದರೆ ಪೈಪು ಬಿಸಿಲಿಗೆ ಬಿದ್ದಿದೆ, ಮಣ್ಣು ಮುಚ್ಚಿರಿ. ಕಡೆಯತನಕ ಬಿಸಿಯೇ ಬಂದರೆ ಟಾಕಿ ಕಾದಿದೆ, ನೆರಳು ಮಾಡಿರಿ. ಆ ಮೊದಲ ನೀರನ್ನು ಮುಟ್ಟಿ ನೋಡದೆ ಮಕ್ಕಳ ಮೈಗೆ ಹಾಕಬೇಡಿರಿ. ಚೆಲ್ಲಿಬಿಡಬೇಡಿರಿ, ಪಾತ್ರೆ ತೊಳೆಯಲು ಬರುತ್ತದೆ. ಕಾರಣ ಕೈಗೆ ಸಿಗುವ ತನಕ ಯಾರ ಹೆಸರನ್ನೂ ಬಾಯಿಗೆ ತರಬೇಡಿರಿ.