ನಾಲ್ಕು ಬೆರಳಿನ ಎತ್ತರ

ಈ ಅಂಗಿಯೊಳಗೆ ಇನ್ಯಾರದೋ ಬೆವರಿದೆ, ಒಗೆದಿದ್ದಾರೆ, ಬಿಸಿಲಿಗೂ ಹಾಕಿದ್ದಾರೆ, ಆದರೂ ಕೊರಳಪಟ್ಟಿಯ ದಪ್ಪ ಹೊಲಿಗೆಯಲ್ಲಿ ಉಳಿದುಕೊಂಡಿದೆ, ಮಗಳು ಶಿಹೊಳ ಜೂಡೊ ಅಂಗಿಯಲ್ಲೂ ಹೀಗೇ ಉಳಿಯುತ್ತಿತ್ತು, ಎರಡು ಸಲ ಮೆಷಿನ್ನಿಗೆ ಹಾಕಿದರೂ ಹೋಗುತ್ತಿರಲಿಲ್ಲ, ಥೂ, ನೀನು ಹುಡುಗಿಯೋ ಮೀನು ಹಿಡಿಯೋನೋ ಎಂದು ಬೈಯುತ್ತಿದ್ದೆ, ಅವಳು ನಗುತ್ತ ಊಟದ ಮೇಜನ್ನು ಎರಡು ಸಲ ತಟ್ಟುತ್ತಿದ್ದಳು, ಟಪ್ ಟಪ್, ಸೋತೆ ಕಣಮ್ಮ, ಬಿಟ್ಬಿಡು — ಬೆಲ್ಟು ಸೊಂಟಕ್ಕೆ ಎರಡು ಸುತ್ತು, ಗಂಟು ಮುಂದಕ್ಕೆ, ನನಗೆ ಗೊತ್ತು, ನಾಲ್ಕು ವರ್ಷ ಮಗಳ ಬೆಲ್ಟು ಮಡಚಿಟ್ಟ ಕೈ ಇದು, ಆದರೆ ಗೊತ್ತಿಲ್ಲದವಳಂತೆ ನಿಲ್ಲಬೇಕು, ಯಾಕೆಂದರೆ ಪಾಠಕ್ಕೆ ಸೇರುವ ಕಾಗದದಲ್ಲಿ ಅನುಭವ ಎಂಬ ಕಡೆ ಇಲ್ಲ ಎಂದು ಬರೆದಿದ್ದೇನೆ, ಹೆಸರಿನ ಕಡೆ ಮದುವೆಗೆ ಮುಂಚಿನ ಹೆಸರು, ನೆಗಿಶಿ ಸತ್ಸುಕಿ, ಊರಿನ ಕಡೆ ಶಿಜುಓಕಾ ಬಿಟ್ಟು ನಗೋಯಾ. ಅನುಭವ ಇಲ್ಲ ಎನ್ನುವುದೊಂದೇ ನಿಜ. ಜೂಡೊ ಮೇಷ್ಟ್ರು ಕಾಗದವನ್ನು ಎರಡು ಕೈಯಲ್ಲಿ ತೆಗೆದುಕೊಂಡರು, ಓದಿದರು, ಮಡಚಿ ಎದೆಯ ಬಳಿ ಇಟ್ಟುಕೊಂಡರು, ನೆಗಿಶಿಯವರೇ, ಬೆಳಿಗ್ಗೆ ಏನಾದ್ರೂ ತಿಂದಿದೀರಾ, ಹೊಟ್ಟೆ ತುಂಬ ತಿಂದಿದ್ರೆ ಸ್ವಲ್ಪ ಹೊತ್ತು ಕೂತ್ಕೊಳಿ. ಗುರುತು ಸಿಕ್ಕಿಲ್ಲ. ಹೇಗೆ ಸಿಗಬೇಕು, ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರ ಮುಖವೂ ಅರ್ಧ ಮಾಸ್ಕಿನೊಳಗಿದ್ದ ಕಾಲ ಅದು, ಅಲ್ಲದೆ ಅವತ್ತು ಅವರು ತಲೆ ಎತ್ತಲೇ ಇಲ್ಲ.

ಗಂಡನಿಗೆ ಹೇಳಿ ಬಂದದ್ದು ಬಿಸಿನೀರಿನ ಸ್ನಾನಕ್ಕೆ ಎಂದು, ಎರಡು ದಿನ ಯುಸಾಕಿಯಲ್ಲಿ ಇದ್ದು ಬರ್ತೀನಿ, ಮೊಣಕಾಲು ನೋವು, ಅವರು ಪೇಪರಿನಿಂದ ಕಣ್ಣು ತೆಗೆಯದೆ, ಹೋಗಿ ಬಾ, ಒಣಗಿಸಿದ ಕಣವೆ ಮೀನು ಸಿಕ್ಕಿದ್ರೆ ತಾ ಎಂದರು. ಅಷ್ಟೇ. ಎಂಟು ಗಂಟೆಯ ರೈಲು, ಮೂರು ಸಲ ಬದಲಾಯಿಸಿ, ಕೊನೆಯದು ಒಂದೇ ಡಬ್ಬಿಯದು, ಪಕ್ಕದಲ್ಲಿ ಸಮುದ್ರ. ಹೋದ ತಿಂಗಳು ಶಿಹೊಳ ಕ್ಲಬ್ಬಿನ ಇನ್ನೊಬ್ಬ ತಾಯಿ ಅಂಗಡಿಯಲ್ಲಿ ಸಿಕ್ಕಿ, ನಮ್ಮ ಉರಾಬೆ ಮೇಷ್ಟ್ರು ಈಗ ಯುಸಾಕೀಲಿದಾರಂತೆ ರೀ, ಸ್ನಾನಕ್ಕೆ ಬಂದ ಮುದುಕರಿಗೆಲ್ಲ ಬೀಳೋದು ಹೇಳ್ಕೊಡ್ತಾರಂತೆ, ಪಾಪ, ಎಂದಳು, ಆ ಪಾಪ ಎನ್ನುವುದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ನಿಂತುಬಿಟ್ಟಿತು, ಅನ್ನ ನುಂಗಿದರೂ ಇಳಿಯಲಿಲ್ಲ. ಪಾಪ ಯಾಕೆ. ಪಾಪ ನನ್ನ ಮಗಳು. ಹದಿನಾರಕ್ಕೆ ಇವರ ಜೂಡೊ ಅಭ್ಯಾಸದಲ್ಲಿ ಮುರಿದ ಬಲಮೊಣಕೈ, ಎರಡು ಸಲ ಕೊಯ್ದರೂ ನೇರವಾಗದ ಕೈ, ಈಗ ಹತ್ತೊಂಬತ್ತು, ಹಮಾಮತ್ಸುವಿನ ಕನ್ನಡಕದಂಗಡಿಯಲ್ಲಿ ಎಡಗೈಯಲ್ಲಿ ಬರೆಯುತ್ತಾಳೆ, ಹೊಸವರ್ಷಕ್ಕೆ ಮಾತ್ರ ಮನೆಗೆ ಬರುತ್ತಾಳೆ, ಎಡಗೈಯಲ್ಲಿ ಹಿಡಿದ ಊಟದ ಕಡ್ಡಿಗಳಿಂದ ಹಬ್ಬದ ಕಪ್ಪು ಅವರೆ ಒಂದೊಂದಾಗಿ ಜಾರಿ ಬೀಳುತ್ತವೆ, ಅವರಪ್ಪ ಚಮಚ ಮುಂದಿಟ್ಟರೆ ತುಂಬಾ ಉಪಕಾರವಾಯಿತು ಎನ್ನುತ್ತಾಳೆ, ನೀವು ಚೆನ್ನಾಗಿದ್ದೀರಾ ಅಮ್ಮ ಎನ್ನುತ್ತಾಳೆ, ಹೆತ್ತ ತಾಯಿಗೆ ನೆಂಟರಿಗೆ ಹೇಳುವ ಹಾಗೆ ನೀವು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ನನಗೆ ಬೇಕಾಗಿರುವುದು ಒಂದೇ ಮಾತು. ಅವತ್ತು ಕೈ ಸಿಕ್ಕಿಕೊಂಡಾಗ ಶಿಹೊ ಬಿಡು ಎಂದು ಚಾಪೆಗೆ ತಟ್ಟಿದಳೋ, ಇಲ್ಲವೋ. ತಟ್ಟಿದ್ದರೆ ಇವರು ನೋಡಲಿಲ್ಲ, ತಪ್ಪು ಇವರದು, ಮೂರು ವರ್ಷ ಊರೆಲ್ಲ ನಾನು ಹೇಳಿಕೊಂಡು ಬಂದದ್ದು ಸರಿ. ತಟ್ಟದೆ ಇದ್ದರೆ — ಆ ಕಡೆ ಯೋಚನೆ ಹೋಗುತ್ತಿದ್ದಂತೆ ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತೇನೆ.

ಕೂತ್ಕೊಳಿ, ನಮಸ್ಕಾರ. ಏಳು ಜನ ಮಂಡಿಯೂರಿ ಸಾಲಾಗಿ ಕೂತಿದ್ದೇವೆ, ಹಸಿರು ಚಾಪೆ ತಣ್ಣಗಿದೆ, ಎದುರಿಗೆ ಉರಾಬೆ ಮೇಷ್ಟ್ರು, ಮುದುಡಿ ಮುದ್ದೆಯಾದ ಕಿವಿ, ಮೊದಲಿಗಿಂತ ಇಳಿದುಹೋದ ಭುಜ, ಎರಡು ಅಂಗೈ ಊರಿ ಹಣೆ ಬಗ್ಗಿಸುತ್ತಾರೆ, ನಾನು ಬಗ್ಗಬೇಕಾದವಳು ಬಗ್ಗದೆ ಅವರ ನೆತ್ತಿ ನೋಡುತ್ತೇನೆ, ಎರಡು ಸುಳಿ, ಅದೇ ಎರಡು ಸುಳಿ, ಎರಡು ಸುಳಿ ಇದ್ದೋರು ಹಟಮಾರಿಗಳು ಎನ್ನುತ್ತಿದ್ದಳು ನಮ್ಮಜ್ಜಿ, ಆಸ್ಪತ್ರೆಯಲ್ಲಿ ಅವರು ನೆಲಕ್ಕೆ ಹಣೆ ಹಚ್ಚಿದ್ದಾಗ ಇದನ್ನೇ ನೋಡುತ್ತ ನಿಂತಿದ್ದೆ, ನಾನು ಹತ್ರಾನೇ ಇದ್ದೆ, ತಪ್ಪು ನನ್ನದು ಎನ್ನುತ್ತಿತ್ತು ಆ ನೆತ್ತಿ, ನಾನು ಕೂಗುತ್ತಿದ್ದೆ, ಅವಳು ತಟ್ಟಿದಾಳೆ, ನನ್ನ ಮಗಳು ಯಾವುದಕ್ಕಾದ್ರೂ ತಟ್ಟದೆ ಇರೋಳೇ ಅಲ್ಲ, ತಟ್ಟಿರಲೇಬೇಕು, ನಿಮಗೆ ಕಣ್ಣಿರಲಿಲ್ವಾ. ನೆತ್ತಿ ಅಲ್ಲಾಡಲಿಲ್ಲ. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಆಮೇಲೆ ಶಾಲೆಯಲ್ಲಿ ದೊಡ್ಡವರೆಲ್ಲ ಸೇರಿ ಕೇಳಿದಾಗಲೂ ಅಷ್ಟೇ, ತಟ್ಟಿದ್ದನ್ನು ಕಂಡಿರಾ, ನಾನು ಸಮಯಕ್ಕೆ ಸರಿಯಾಗಿ ನಿಲ್ಲಿಸಲಿಲ್ಲ, ಅದಲ್ಲ ಕೇಳಿದ್ದು, ನಾನು ಸಮಯಕ್ಕೆ ಸರಿಯಾಗಿ ನಿಲ್ಲಿಸಲಿಲ್ಲ. ಕೆಲಸ ಬಿಟ್ಟರು. ನಾನು ಗೆದ್ದೆ ಎಂದುಕೊಂಡೆ. ಮನೆಗೆ ಬಂದು, ಸಂತೋಷದ ದಿನ ಮಾಡುವ ಹಾಗೆ, ಕೆಂಪು ಅಲಸಂದೆ ಹಾಕಿ ಅನ್ನ ಮಾಡಲಿಲ್ಲ, ಅಷ್ಟು ಮಾತ್ರ ನಾಚಿಕೆ ಇತ್ತು.

ನಿನ್ ಜೋಡಿ ನಾನೇ ಕಣಮ್ಮ, ಹೆದರ್ಕೋಬೇಡ. ತಾಕೆ ಅಜ್ಜಿ, ಇದೇ ಊರಿನವಳು, ಎಪ್ಪತ್ತೊಂದಂತೆ, ಬಿಳಿ ಬೆಲ್ಟಿನ ಕೊನೆಗೆ ಒಂದು ಗಂಟೆ ಕಟ್ಟಿಕೊಂಡಿದ್ದಾಳೆ, ಬೆಕ್ಕಿನ ಕೊರಳಿನದು, ಯಾಕಜ್ಜಿ, ಬಿದ್ದಾಗ ಸದ್ದಾದ್ರೆ ಬದುಕಿದೀನಿ ಅಂತ ಗೊತ್ತಾಗುತ್ತಲ್ಲ, ಡಾಕ್ಟ್ರು ಹೇಳಿದ್ರು, ಅಜ್ಜಿ ನಿಂಗೆ ನಿಲ್ಲೋದು ಬರುತ್ತೆ, ಬೀಳೋದೇ ಬರಲ್ಲ, ಹೋಗಿ ಕಲಿ ಅಂತ, ಹೋದ ವರ್ಷ ಬಚ್ಚಲಲ್ಲಿ ಬಿದ್ದು ಸೊಂಟ ಹೋಯ್ತು ನೋಡು, ಜಟ್ಟಿ ಜಾರಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತ ಅಲ್ಲೇ ಒಂದು ಗಂಟೆ ಕೂತಿದ್ದೆ, ಯಾರ್ನೂ ಕೂಗ್ದೆ. ಗಲ್ಲ ಎದೆಗೆ, ಬೆನ್ನು ಗುಂಡಗೆ, ಉರುಳಿ, ಅಂಗೈಯಿಂದ ಚಾಪೆಗೆ ಹೊಡೀರಿ, ಎನ್ನುತ್ತಾರೆ ಮೇಷ್ಟ್ರು, ನೆಲ ನಿಮಗೆ ಹೊಡೆಯೋ ಮೊದ್ಲು ನೀವೇ ಹೊಡೀರಿ. ಉರುಳುತ್ತೇನೆ, ಚಾವಣಿಯ ದೀಪ ಕಾಲ ಮೇಲೆ ಹೋಗುತ್ತದೆ, ಕೈ ಹೊಡೆಯುವುದೇ ಇಲ್ಲ, ತಲೆ ಠಕ್ ಎನ್ನುತ್ತದೆ, ಅಜ್ಜಿಯ ಗಂಟೆ ಕಿಣಿ ಕಿಣಿ, ಏನಮ್ಮ, ಕೈ ಮನೇಲಿ ಬಿಟ್ಟು ಬಂದಿದೀಯಾ. ಕೈಗೆ ಬೇರೆ ಕೆಲಸ ಗೊತ್ತು. ಇಪ್ಪತ್ತೆರಡು ವರ್ಷದಿಂದ ಚಹಾ ಎಲೆಯಲ್ಲಿ ಕಡ್ಡಿ ಆರಿಸುತ್ತಿರುವ ಕೈ, ಹಸಿರಿನ ನಡುವೆ ಒಂದು ಕಡ್ಡಿ ಇದ್ದರೂ ಕಣ್ಣಿಗೆ ಚುಚ್ಚುತ್ತದೆ, ಮೊದಲು ಕಡ್ಡಿ ಕಾಣುತ್ತದೆ, ಎಲೆ ಆಮೇಲೆ, ಮಗಳಲ್ಲೂ ಹಾಗೇ ಕಂಡೆ, ನನಗೆ ಗೊತ್ತು, ಯಾರೂ ಹೇಳಬೇಕಾಗಿಲ್ಲ.

ಪಿಯಾನೊಗೆ ಸೇರಿಸಿದರೆ ಮೂರು ತಿಂಗಳು. ಈಜಿಗೆ ಸೇರಿಸಿದರೆ ಕಿವಿಗೆ ನೀರು ಹೋಯಿತು ಎಂದು ಬಂದಳು. ಮಣಿಚೌಕಟ್ಟಿನ ಲೆಕ್ಕ, ಅಕ್ಷರ ಬರೆಯುವ ಕುಂಚ, ಎಲ್ಲವೂ ಗೂಡಿನೊಳಗೆ. ಜೂಡೊ ಮಾತ್ರ ಹಿಡಿದುಕೊಂಡಳು, ಹಿಡಿದುಕೊಂಡದ್ದು ನನಗೆ ಕಾಣಲಿಲ್ಲ, ತಟ್ಟುವುದು ಕಂಡಿತು, ಅಭ್ಯಾಸ ನೋಡಲು ಹೋದಾಗ ಯಾರೋ ಅವಳ ಕೈ ಹಿಡಿದು ಎಳೆಯುವ ಮೊದಲೇ ಟಪ್ ಟಪ್, ಎದುರಿನವಳು ಬಿಟ್ಟಳು, ಇಬ್ಬರೂ ನಕ್ಕರು, ಪಕ್ಕದಲ್ಲಿ ಕೂತ ತಾಯಂದಿರ ಮುಂದೆ ನನಗೆ ಅವಮಾನವಾಯಿತು, ಹೌದು, ಅವಮಾನವಾಯಿತು. ಆಮೇಲೆ ಆ ಬೆಳಿಗ್ಗೆ, ಬೇರೆ ಶಾಲೆಯವರೊಂದಿಗೆ ಅಭ್ಯಾಸದ ದಿನ, ಮಿಸೊ ಸಾರು ಮೇಜಿನ ಮೇಲೆ, ಅವಳು ಇನ್ನೂ ಕೂದಲು ಕಟ್ಟುತ್ತಿದ್ದಾಳೆ, ನಾನು ಶುರುಮಾಡಿದೆ, ತಡ ಆಯ್ತು, ಯಾವುದರಲ್ಲೂ ನೆಟ್ಟಗಿಲ್ಲ ನೀನು, ಅವಳು ಎಂದಿನಂತೆ ನಗುತ್ತ ಮೇಜಿಗೆ ಕೈ ಇಳಿಸಿದಳು, ಒಂದು ಟಪ್ ಆಯಿತು, ಎರಡನೆಯದು ಆಗುವ ಮೊದಲು ನಾನು ಅವಳ ಮಣಿಕಟ್ಟು ಹಿಡಿದುಬಿಟ್ಟೆ, ಬಿಗಿಯಾಗಿ, ಎಲ್ಲದಕ್ಕೂ ತಟ್ಟಿಬಿಡ್ತೀಯ ನೀನು, ಇವತ್ತು ಒಂದ್ಸಲ ತಟ್ಟದೆ ಮನೆಗೆ ಬಾ ನೋಡೋಣ. ಕೈ ಮೇಜಿನ ಮೇಲೆ ಗಾಳಿಯಲ್ಲಿ ನಿಂತಿತ್ತು, ನನ್ನ ಹಿಡಿತದಲ್ಲಿ, ಮೇಜಿಗೂ ಅದಕ್ಕೂ ನಾಲ್ಕು ಬೆರಳು. ನಗು ನಿಂತಿತು. ಸರಿ ಅಮ್ಮ ಎಂದಳು. ಸಾರು ಕುಡಿಯದೆ ಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು, ಇದು ಎಲ್ಲರಿಗೂ ಗೊತ್ತಿರುವ ಮಾತು, ಗೊತ್ತಿದ್ದೂ ಆಡುತ್ತೇವೆ. ಇದನ್ನು ನಾನು ಗಂಡನಿಗೆ ಹೇಳಿಲ್ಲ. ಶಾಲೆಯಲ್ಲಿ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಶಿಹೊಳನ್ನು ಕೇಳಿದೆ, ತಟ್ಟಿದೆ ಅಲ್ವಾ ನೀನು, ಅವಳು ಗೋಡೆಯ ಕಡೆ ನೋಡುತ್ತ, ಮರೆತುಹೋಯಿತು ಎಂದಳು, ಆಮೇಲೆ, ನನ್ನಿಂದ ನಿಮಗೆ ತೊಂದರೆಯಾಯಿತು ಎಂದಳು. ನೀವು ಎನ್ನುವುದು ಶುರುವಾದದ್ದು ಅವತ್ತು.

ಈಗ ಕೊನೆಯ ಪಾಠ, ಎನ್ನುತ್ತಿದ್ದಾರೆ ಮೇಷ್ಟ್ರು, ಬೇರೆ ಕಡೆ ಇದನ್ನ ಇಷ್ಟು ಬೇಗ ಹೇಳಿಕೊಡಲ್ಲ, ನಾನು ಮೊದಲ ದಿನವೇ ಹೇಳಿಕೊಡ್ತೀನಿ, ತಟ್ಟೋದು. ಕೈ ಸಿಕ್ಕಿಹಾಕಿಕೊಂಡ್ರೆ ಇನ್ನೊಂದು ಕೈಯಿಂದ ಚಾಪೆಗೋ ಎದುರಿನವರಿಗೋ ಎರಡು ಸಲ ತಟ್ಟಿ, ಅವರು ಬಿಡಲೇಬೇಕು, ನೋವು ಬಂದ ಮೇಲಲ್ಲ, ಬರೋ ಮೊದ್ಲೇ. ಒಬ್ಬ ಪ್ರವಾಸಿ ಹುಡುಗ ಕೇಳುತ್ತಾನೆ, ಬೇಗ ತಟ್ಟಿದ್ರೆ ಮರ್ಯಾದೆ ಹೋಗಲ್ವಾ ಸಾರ್, ಎಲ್ಲರೂ ನಗುತ್ತಾರೆ, ಮೇಷ್ಟ್ರೂ ನಗುತ್ತಾರೆ, ತಟ್ಟೋಕೆ ಬರ್ದೆ ಇರೋನಿಗೆ ಜೂಡೊ ಬರಲ್ಲ ಕಣಪ್ಪ, ನಂಬಿಕೆ ಇರೋನು ತಟ್ಟುತ್ತಾನೆ, ಎದುರಿನವನು ಬಿಡ್ತಾನೆ ಅಂತ. ಆಮೇಲೆ ನಗು ಇಲ್ಲದೆ, ಹಿಡಿಯೋರಿಗೆ ಒಂದು ಮಾತು, ಕೈ ಮೇಲೆ ಎದ್ರೆ ಸಾಕು, ಬಿಟ್ಬಿಡಿ, ಕೆಳಗೆ ಬೀಳೋವರೆಗೂ ಕಾಯ್ಬೇಡಿ. ನಾನು ಒಂದ್ಸಲ ಕಾದಿದ್ದೆ.

ಕಾದಿದ್ದರಂತೆ. ಯಾತಕ್ಕೆ ಕಾದಿದ್ದರು, ಕೈ ಎದ್ದಿತ್ತು ಹಾಗಾದರೆ, ಎದ್ದ ಕೈ ಯಾಕೆ ಇಳಿಯಲಿಲ್ಲ, ಯಾರು ಹಿಡಿದಿದ್ದರು ಅದನ್ನು, ಅಲ್ಲಿ ಯಾರೂ ಹಿಡಿದಿರಲಿಲ್ಲ, ಎದುರಿನವಳ ಎರಡು ಕೈಯೂ ಬಲತೋಳಿನ ಮೇಲಿದ್ದವು, ಎಡಗೈ ಖಾಲಿ, ಎಡಗೈ ಅವಳದೇ — ಮಲ್ಕೊಮ್ಮ, ಎನ್ನುತ್ತಾಳೆ ತಾಕೆ ಅಜ್ಜಿ, ಮಲಗುತ್ತೇನೆ, ಅಜ್ಜಿ ಪಕ್ಕದಲ್ಲಿ ಕೂತು ನನ್ನ ಬಲಗೈಯನ್ನು ತೊಡೆಯ ಮೇಲೆ ಹಾಕಿಕೊಂಡು ಮಣಿಕಟ್ಟು ಹಿಡಿದು ಮೆಲ್ಲಗೆ ಕೆಳಗೊತ್ತುತ್ತಾಳೆ, ಒಣಗಿದ ಪುಟ್ಟ ಕೈಗಳು, ಮೊಣಕೈ ನೇರವಾಗುತ್ತಿದೆ, ಇಲ್ಲಿಗೆ ಸಾಕು, ಇದಕ್ಕಿಂತ ಆಚೆ ಮೊಣಕೈಗೆ ದಾರಿ ಇಲ್ಲ, ನೋವಿಲ್ಲ, ನೋವು ಬರುವ ಮುಂಚಿನ ಒಂದು ಬಿಗಿ, ಇಷ್ಟರಲ್ಲೇ ತಟ್ಟಬೇಕಂತೆ, ಇದು ಇಷ್ಟು ಸುಲಭವಂತೆ, ಎಡಗೈ ಏಳುತ್ತದೆ, ಎದ್ದಿತು, ಸರಿ ಅಮ್ಮ ಎಂದಿದ್ದಳು, ಸಾರು ಹಾಗೇ ಇತ್ತು, ಮೇಲೆ ಕೆನೆಗಟ್ಟಿತ್ತು, ಸಂಜೆ ಆಸ್ಪತ್ರೆಯಿಂದ ಬಂದು ನಾನೇ ಅದನ್ನು ಚೆಲ್ಲಿದೆ, ತಟ್ಟಮ್ಮ, ಎನ್ನುತ್ತಾಳೆ ಅಜ್ಜಿ, ಏನಾಯ್ತೇ, ತಟ್ಟು, ಬಿಟ್ಟೆ ನೋಡು, ಬಿಟ್ಟಿದೀನಿ, ಗಂಟೆ ಕಿಣಿ ಎನ್ನುತ್ತದೆ, ಬಲಗೈ ಬಿಡುಗಡೆಯಾಗಿದೆ, ಎಡಗೈ ಅಲ್ಲೇ ಇದೆ, ಇಳಿಯುತ್ತಿಲ್ಲ, ಚಾಪೆ ಕೆಳಗಿದೆ, ಯಾರೂ ಹಿಡಿದಿಲ್ಲ. ಮೇಷ್ಟ್ರ ಮಂಡಿಗಳು ನನ್ನ ಕಿವಿಯ ಹತ್ತಿರ ಬಂದು ಕೂರುತ್ತವೆ. ಬೇರೆಯವರಿಗೆ ಕೇಳಿಸದಷ್ಟು ಸಣ್ಣ ದನಿ. ಶಿಹೊಳ ಅಮ್ಮ, ಅವತ್ತು ಅವಳ ಕೈಯೂ ಇಷ್ಟೇ ಎತ್ತರದಲ್ಲಿತ್ತು. ಬಾಗಿಲಿಗೆ ಬಂದಾಗಲೇ ನನ್ನ ಗುರುತು ಸಿಕ್ಕಿತ್ತು ಹಾಗಾದರೆ, ಕಾಗದ ಮಡಚುವಾಗಲೇ, ಅವಳು ತಟ್ಟಲಿಲ್ಲವೆಂದು ಮೂರು ವರ್ಷವೂ ಗೊತ್ತಿತ್ತು, ನೆತ್ತಿ ಬಗ್ಗಿಸಿ ಸುಮ್ಮನಿದ್ದರು, ಯಾರು ಹೇಳಿದ್ದರು ಸುಮ್ಮನಿರಿ ಎಂದು, ಅಮ್ಮನಿಗೆ ಹೇಳಬೇಡಿ ಮೇಷ್ಟ್ರೇ ಎಂದು ಯಾರು — ಕೇಳಬೇಕು, ಅದಕ್ಕೆ ಮೊದಲು ಕೈ ಇಳಿಯಲಿ, ಒಂದು ಟಪ್ ಅವತ್ತೇ ಮೇಜಿನ ಮೇಲೆ ಆಗಿದೆ, ಇನ್ನೊಂದು ಬಾಕಿ ಇದೆ, ಇಳಿಯುತ್ತಿಲ್ಲ, ಚಾಪೆಗೂ ಅದಕ್ಕೂ ನಾಲ್ಕು ಬೆರಳು, ಬೆರಳು ಬಿಡಿಸಿದ ಕೈ, ಮೇಜಿನ ಮೇಲಿನ ಕೈ, ನಾಲ್ಕು ಬೆರಳು, ಕೈ