ಎಡಗಾಲಿನ ಬೂಟು ಬೆಟ್ಟ ಹತ್ತಿದ ದಿನ

ನಾನು ಒಂದು ಬೂಟು, ಎಡಗಾಲಿನದು. ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ, ಬಲಗಾಲಿನ ಅಣ್ಣನಿಗಿಂತ ಅರ್ಧ ನಿಮಿಷ ತಡವಾಗಿ. ಆ ಅರ್ಧ ನಿಮಿಷದ ಹಿರಿತನವನ್ನು ಅವನು ಬಹಳ ಕಾಲ ಬಿಡಲಿಲ್ಲ. ಲೋಕವೂ ಅವನ ಕಡೆಗೇ. ಮದುಮಗಳು ಒಳಗೆ ಬರುವುದು ಬಲಗಾಲಿಟ್ಟು, ಹೊಸ ಅಂಗಡಿ ಹೊಗುವುದು ಬಲಗಾಲಿಟ್ಟು. ಎಡಗಾಲಿನ ನೆನಪಾಗುವುದು ಒದೆಯುತ್ತೇನೆ ಎಂದು ಬೈಯುವಾಗ ಮಾತ್ರ.

ನಮ್ಮನ್ನು ಕೊಂಡವರು ಪುತ್ತೂರಿನ ಗುಲಾಬಿ ಸಿಸ್ಟರ್, ಒಮಾನಿನ ಒಂದು ಆಸ್ಪತ್ರೆಯ ದಾದಿ. ಅವರ ವಾರ್ಡಿನ ಕಿಟಕಿಯಿಂದ ಹುಲ್ಲುಕಡ್ಡಿಯೂ ಇಲ್ಲದ ಬೋಳು ಬೆಟ್ಟವೊಂದು ಕಾಣುತ್ತಿತ್ತು. ಒಮ್ಮೆ ಅದನ್ನು ಹತ್ತಲೇಬೇಕು ಎಂದು ನಮ್ಮನ್ನು ತಂದರು. ತಂದು ಮಾಡಿದ್ದೇನು? ಗಲ್ಫಿನಲ್ಲಿರುವ ನಮ್ಮವರು ಒಳ್ಳೆಯ ವಸ್ತು ಸಿಕ್ಕಾಗ ಮಾಡುವುದನ್ನೇ. "ಒಳ್ಳೇದುಂಟು, ಇರ್ಲಿ" ಎಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಅಲ್ಲಿ ಗಾಜಿನ ಲೋಟಗಳು, ಮುಚ್ಚಳ ತೆರೆಯದ ಅತ್ತರು, ಹುಲಿಯ ಚಿತ್ರದ ಕಂಬಳಿ ಮೊದಲೇ ಕಾಯುತ್ತಿದ್ದವು. ಒಂಬತ್ತು ವರ್ಷ ನಾನು ನೆಲ ಕಾಣಲಿಲ್ಲ. ಮೈಮೇಲೆ ಒಂದು ಗೀರಿಲ್ಲ. ಒಳಗೆ ಮಾತ್ರ ಅಂಟು ಒಣಗಿ ಪುಡಿಯಾಗುತ್ತಿತ್ತು. ಅದು ನನಗೂ ಗೊತ್ತಿರಲಿಲ್ಲ.

ಸಿಸ್ಟರಿಗೆ ನಿವೃತ್ತಿಯಾಯಿತು. ಸೋಮವಾರ ಊರಿಗೆ ವಿಮಾನ. ಬೆಟ್ಟಕ್ಕೆ ಉಳಿದದ್ದು ಒಂದೇ ಶುಕ್ರವಾರ. ಅಂದು ಬೆಳಗ್ಗೆ ಪೆಟ್ಟಿಗೆ ತೆರೆಯಿತು ನೋಡಿ, ನನ್ನ ಸಂಭ್ರಮ ಹೇಳತೀರದು!

ಜೊತೆಗೆ ಬಂದವರು ಆಂಬುಲೆನ್ಸ್ ಓಡಿಸುವ ಬಂಟ್ವಾಳದ ಮೊಯ್ದಿನಬ್ಬ. ಆ ಬೆಟ್ಟವನ್ನು ಮೂರು ಸಲ ಹತ್ತಿದವರು. ಬುಡದಲ್ಲೇ ಕರಾರು ಹಾಕಿದರು: "ಹನ್ನೊಂದು ಗಂಟೆಗೆ ತುದಿ ಮುಟ್ಟದಿದ್ರೆ ಅಲ್ಲಿಂದಲೇ ವಾಪಸ್. ಈ ಬಿಸಿಲಿಗೆ ಸಿಸ್ಟರ್, ಡಾಕ್ಟರ್ ಅಂತೆಲ್ಲ ಇಲ್ಲ."

"ಆಯ್ತು ಮಾರಾಯ್ರೇ, ನಡೀರಿ ಈಗ!"

ಏರು ಅಂದರೆ ಅಂತಿಂಥ ಏರಲ್ಲ. ಕಾಲಿಟ್ಟಲ್ಲಿ ಜಲ್ಲಿ ಜಾರುತ್ತಿತ್ತು, ಕೈಯಿಟ್ಟಲ್ಲಿ ಬಂಡೆ ಚುರುಗುಟ್ಟುತ್ತಿತ್ತು. ಎಂಟಕ್ಕೆಲ್ಲ ಸಿಸ್ಟರ ತುಟಿ ಒಡೆಯಿತು. ಬೆವರು ಇಳಿಯುವ ಮೊದಲೇ ಆರಿ ಕೆನ್ನೆಯ ಮೇಲೆ ಉಪ್ಪಾಯಿತು. ಹಿಮ್ಮಡಿಯ ಗುಳ್ಳೆ ಒಡೆದದ್ದು ಮೊದಲು ತಿಳಿದದ್ದು ನನಗೆ. ಪಾಪ ಅನ್ನಿಸಿತು; ಆದರೂ ನನಗೆ ಕುಣಿಯುವಷ್ಟು ಖುಷಿ, ಸುಳ್ಳೇಕೆ ಹೇಳಲಿ?

ಹತ್ತು ಗಂಟೆಗೆ ಚರ್ರೆಂದು ಸದ್ದಾಯಿತು. ನನ್ನ ಅಡಿ ಬೆರಳಿನಿಂದ ಹಿಮ್ಮಡಿಯವರೆಗೆ ಬಾಯಿ ಬಿಟ್ಟಿತ್ತು.

"ಹೊಸ ಬೂಟು ಅಂದ್ರಲ್ಲ ನೀವು?" ಎಂದರು ಮೊಯ್ದಿನಬ್ಬ.

"ಹೊಸತೇ. ಒಂಬತ್ತು ವರ್ಷದಿಂದ ಹೊಸತೇ!"

"ಹಾಕದೆ ಇಟ್ರೆ ಉಳೀತದಾ? ಇನ್ನು ಇಳಿಯುವ ಸಿಸ್ಟರೇ. ಬರಿಗಾಲಲ್ಲಿ ಈ ಕಲ್ಲು ಆಗುದಿಲ್ಲ."

ಸಿಸ್ಟರ್ ನನ್ನನ್ನು ತೊಡೆಯ ಮೇಲಿಟ್ಟುಕೊಂಡರು. ಅವರ ಕಣ್ಣು ತುಂಬಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅದೂ ಅಣ್ಣನ ಎದುರಿಗೇ! ಆಮೇಲೆ ಅವರು ಮೂಗು ಒರೆಸಿಕೊಂಡು ಚೀಲದಿಂದ ಬ್ಯಾಂಡೇಜು ತೆಗೆದರು. ನನ್ನನ್ನು ಮತ್ತೆ ಕಾಲಿಗೇರಿಸಿ, ಉಳುಕಿದ ಕಾಲಿಗೆ ಕಟ್ಟುವಂತೆ ಎಂಟಂಕಿಯ ಆಕಾರದಲ್ಲಿ ಸುತ್ತಿ, ಬೆರಳು ತೂರಿಸಿ ಬಿಗಿ ನೋಡಿ, ಮೇಲೊಂದು ಅಂಟುಪಟ್ಟಿ ಎಳೆದರು.

"ಪೇಶೆಂಟ್ ರೆಡಿ. ಗಂಟೆ ಎಷ್ಟು?"

"ಹತ್ತು ಇಪ್ಪತ್ತು. ನಿಮ್ಮತ್ರ ಮಾತಾಡಿ ಗೆಲ್ಲಲಿಕ್ಕಾಗುದಿಲ್ಲ!"

ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರ ಬಲ ತೊಡೆಯ ಸ್ನಾಯು ಹಿಡಿದುಕೊಂಡಿತು. ಇನ್ನು ಪ್ರತಿ ಬಂಡೆಗೂ ಎಡಗಾಲೇ ಮುಂದೆ; ಬಲಗಾಲನ್ನು ಹಿಂದಿನಿಂದ ಎಳೆದು ತರಬೇಕು. ಪಟ್ಟಿ ಹಾಕಿಕೊಂಡ ರೋಗಿ ನಾನು, ಅಣ್ಣನನ್ನೂ ಎಳೆಯುತ್ತಿದ್ದೆ! ಹತ್ತು ಐವತ್ತಾರಕ್ಕೆ ಕೊನೆಯ ಬಂಡೆ. ಅಲ್ಲಿ ಸಿಸ್ಟರ್ ಅನುಮಾನಿಸಿ ನಿಂತರು. ಶುಭಕ್ಕೆ ಬಲಗಾಲಲ್ಲವೇ? ಎತ್ತಿ ನೋಡಿದರು, ಏಳಲಿಲ್ಲ.

"ಎಡಗಾಲೇ ಇಡಿ ಸಿಸ್ಟರೇ!" ಮೇಲಿನಿಂದ ಮೊಯ್ದಿನಬ್ಬ ಕೂಗಿದರು. "ಬೆಟ್ಟ ಯಾರತ್ರವೂ ಹೇಳುದಿಲ್ಲ!"

ಇಟ್ಟರು. ನಮ್ಮಿಬ್ಬರಲ್ಲಿ ತುದಿಯ ಮೇಲೆ ಮೊದಲು ಕೂತವನು ನಾನು! ಕೆಳಗೆ ಬೆಂಕಿಪೆಟ್ಟಿಗೆಯಷ್ಟು ಆಸ್ಪತ್ರೆ. ಸಿಸ್ಟರ್ ತಮ್ಮ ವಾರ್ಡಿನ ಕಿಟಕಿ ಯಾವುದೆಂದು ಹುಡುಕಿ, ಆ ಕಡೆಗೆ ಎರಡೂ ಕೈ ಬೀಸಿ, ನಕ್ಕು ಅತ್ತರು.

ಇಳಿಯುವಾಗ ಅಣ್ಣನ ಅಡಿಯೂ ಕಳಚಿ, ಉಳಿದ ಬ್ಯಾಂಡೇಜು ಅವನ ಪಾಲಾಯಿತು. ಅಂದಿನಿಂದ ಅವನ ಹಿರಿತನದ ಮಾತು ನಿಂತಿದೆ. ಆ ಸಂಜೆ ಮೊಯ್ದಿನಬ್ಬರಿಗೆ ಚಹಾ ಸಿಕ್ಕಿದ್ದು ಪೆಟ್ಟಿಗೆಯ ಗಾಜಿನ ಲೋಟದಲ್ಲಿ. ಅತ್ತರಿನ ಮುಚ್ಚಳವೂ ತೆರೆಯಿತು; ಅರ್ಧ ಪರಿಮಳ ಹಾರಿಹೋಗಿತ್ತು, ಉಳಿದರ್ಧವನ್ನು ಇಬ್ಬರೂ ಧಾರಾಳವಾಗಿ ಹಚ್ಚಿಕೊಂಡರು.

ಈಗ ನಾವಿಬ್ಬರೂ ಪುತ್ತೂರಿನ ಅವರ ಪುಟ್ಟ ಹೊಸಮನೆಯ ಬಾಗಿಲ ಬಳಿಯ ಗೂಡಿನಲ್ಲಿದ್ದೇವೆ, ಕಟ್ಟು ಬಿಚ್ಚದೆ. ಇನ್ನು ನಡೆಯಲಾರೆವು, ದುಃಖವಿಲ್ಲ. ಒಂಬತ್ತು ವರ್ಷ ಹೊಸತಾಗಿದ್ದೆ, ಒಂದು ದಿನ ಬೂಟಾಗಿದ್ದೆ. ಆ ಒಂದು ದಿನ ನನಗೆ ಸಾಕು. ಈ ಮನೆಯ ಒಕ್ಕಲಿನ, ಅಂದರೆ ಗೃಹಪ್ರವೇಶದ ದಿನ ಸಿಸ್ಟರ ಕೈಚೀಲದಿಂದ ಇಣುಕಿ ನೋಡುತ್ತಿದ್ದೆ. ಹೊಸ್ತಿಲಲ್ಲಿ ನೆಂಟರೆಲ್ಲ ಒಟ್ಟಾಗಿ ಕೂಗಿದರು: "ಗುಲಾಬಕ್ಕಾ, ಬಲಗಾಲು, ಬಲಗಾಲು!"

ಸಿಸ್ಟರ್ ಒಮ್ಮೆ ನನ್ನ ಕಡೆ ನೋಡಿ, ಎಡಗಾಲನ್ನು ಒಳಗಿಟ್ಟರು.