ಕಿವಿಗೆ ಬೀಳುವವರೆಗೆ

ಫೋನು ಬಂದಾಗ ತೇಜಸ್ವಿನಿ ಚೆಂಡುಹೂವಿನ ಹೊಲದ ಬದುವಿನ ಮೇಲೆ ಬಗ್ಗಿಕೊಂಡು ಚಿಪ್ಸ್ ಪೊಟ್ಟಣ ಹೆಕ್ಕುತ್ತಿದ್ದಳು. ಗುಂಡ್ಲುಪೇಟೆ ದಾಟಿದ ಮೇಲೆ ಊಟಿ ರಸ್ತೆಗೆ ಅಂಟಿಕೊಂಡಿರುವ ಹೊಲ ಅದು. ಹೂ ಬಿರಿದ ದಿನದಿಂದ ಕೇರಳದ ಕಾರುಗಳು ಸಾಲುಗಟ್ಟಿ ನಿಂತು ಫೋಟೊ ಹೊಡೆದುಕೊಂಡು ಹೋಗುತ್ತಿದ್ದವು. ಅವರು ಬಿಟ್ಟುಹೋದ ಕಸ ಇವತ್ತಿನ ಕ್ಯಾಮೆರಾಗಳ ಕಣ್ಣಿಗೆ ಬೀಳಬಾರದಿತ್ತು. ಪ್ರವಾಸದ ಬಗ್ಗೆ ಬರೆಯುವವರು, ವಿಡಿಯೊ ಮಾಡಿ ಬಿಡುವವರು ಒಂದು ಬಸ್ಸಿನ ತುಂಬ ಮೈಸೂರಿನಿಂದ ಹೊರಟಿದ್ದರು. ನಮ್ಮ ರಾಜ್ಯವನ್ನು ನೋಡಿ ನಾಲ್ಕು ಕಡೆ ಹೇಳಲಿ ಎಂದು ಸರ್ಕಾರವೇ ಕರೆಸಿಕೊಂಡಿದ್ದ ಅತಿಥಿಗಳು. ಅವರನ್ನು ಸುತ್ತಾಡಿಸುವ ಗುತ್ತಿಗೆ ಹಿಡಿದ ಸಂಸ್ಥೆಯಲ್ಲಿ ತೇಜಸ್ವಿನಿಗೆ ಕೆಲಸ. ತಿಂಗಳ ಕೊನೆಗೆ ಮುಗಿಯುವ ಕೆಲಸ. ಮುಂದುವರಿಸುತ್ತಾರೋ ಇಲ್ಲವೋ, ಯಾರೂ ಬಾಯಿ ಬಿಟ್ಟಿರಲಿಲ್ಲ.

ರಿಂಗಾದದ್ದು ಅವಳ ಫೋನಲ್ಲ. ಅವಳ ಬ್ಯಾಗಿನಲ್ಲಿದ್ದ, ಇವತ್ತು ಅತಿಥಿಗಳ ಮುಂದೆ ಕುಣಿಯಬೇಕಿದ್ದ ಸೋದರಮಾವ ಚಿಕ್ಕಬೀರಯ್ಯನ ಫೋನು. "ಗೊರವನ ಸೊಂಟದಲ್ಲಿ ಮೊಬೈಲ್ ಕಂಡ್ರೆ ಚೆನ್ನಾಗಿರಲ್ಲ, ಇಲ್ಕೊಡು ಮಾವ" ಎಂದು ಬೆಳಿಗ್ಗೆ ಅವಳೇ ಇಸಿದುಕೊಂಡಿದ್ದಳು.

ಆ ಕಡೆಯಿಂದ ಮಾತಾಡಿದ್ದು ಶಿವಮಲ್ಲು, ಹರದನಹಳ್ಳಿಯ ದೊಡ್ಡಮಾವನ ಮಗ.

"ಯಾರು, ಅಕ್ಕನಾ? ಚಿಕ್ಕಪ್ಪ ಎಲ್ಲವ್ರೆ?" ಅವಳ ಉತ್ತರಕ್ಕೂ ಕಾಯಲಿಲ್ಲ. "ಅಪ್ಪ ಓಗ್ಬುಟ್ಟ ಕಣಕ್ಕ. ಅವ್ವ ಗಂಜಿ ಕುಡಿಸ್ತಾ ಇದ್ಲು, ಅಂಗೇ ಕತ್ತು ವಾಲಿಸ್ಬುಟ್ಟ."

ತೇಜಸ್ವಿನಿ ಹೆಕ್ಕಿದ್ದ ಪೊಟ್ಟಣಗಳು ಕೈಯಿಂದ ಜಾರಿ ಮತ್ತೆ ಹೂವಿನ ಸಾಲಿಗೆ ಬಿದ್ದವು.

"ಚಿಕ್ಕಪ್ಪಂಗೆ ಏಳು. ವತ್ತು ಮುಳುಗೋದ್ರೊಳ್ಗೆ ಮಣ್ಣು ಮಾಡ್ಬೇಕು. ಟೋಪಿ ತಗಿಯಕ್ಕೆ ಅವರೇ ಬೇಕಲ್ಲಕ್ಕ, ಬೇರೆ ಯಾರವ್ರೆ?"

"ಏಳ್ತೀನಿ ಕಣಪ್ಪ," ಎಂದಳು. "ಈಗ್ಲೇ ಏಳ್ತೀನಿ."

ಆ ಮನೆಯವರು ಮೈಲಾರಲಿಂಗನ ದೀಕ್ಷೆ ಪಡೆದ ಗೊರವರು. ಕರಿಕಂಬಳಿಯ ನಿಲುವಂಗಿ, ಕೈಯಲ್ಲಿ ಡಮರುಗ, ತಲೆಗೆ ಕರಡಿಕೂದಲಿನ ಎತ್ತರದ ಟೋಪಿ. ಅವರ ಮನೆತನದಲ್ಲಿ ಗೊರವ ಸತ್ತರೆ ಟೋಪಿ ಸಮೇತ ಕೂರಿಸುತ್ತಾರೆ. ಮಣ್ಣಿಗಿಡುವ ಮುಂಚೆ ಅದೇ ಮನೆಯ ಇನ್ನೊಬ್ಬ ಗೊರವ ಆ ಟೋಪಿಯನ್ನು ತೆಗೆಯಬೇಕು, ಬೇರೆಯವರ ಕೈ ಸೋಕಬಾರದು. ಶಿವಮಲ್ಲು ದೀಕ್ಷೆ ಬೇಡವೆಂದು ಚಾಮರಾಜನಗರದ ಅರಿಶಿನ ಮಂಡಿಗೆ ಕೆಲಸಕ್ಕೆ ಸೇರಿದ್ದ. ಈಗ ಮನೆಗೆ ಉಳಿದ ಗೊರವ ಚಿಕ್ಕಬೀರಯ್ಯ ಒಬ್ಬನೇ.

ಅವನು ಅಲ್ಲೇ ಹುಣಸೆಮರದ ನೆರಳಲ್ಲಿ ಕೂತು, ಅಂಗೈಯಗಲದ ಕನ್ನಡಿ ಹಿಡಿದು ಹಣೆಗೆ ವಿಭೂತಿ ಎಳೆದುಕೊಳ್ಳುತ್ತಿದ್ದ. ಜೊತೆಯಲ್ಲಿ ಕುಣಿಯುವ ರಂಗನಾಯಕ ಪಿಳ್ಳಂಗೋವಿ ಒರೆಸುತ್ತ ಏನೋ ತಮಾಷೆ ಮಾಡುತ್ತಿದ್ದ. ರಂಗನಾಯಕನನ್ನೇ ಮುಂದೆ ನಿಲ್ಲಿಸಿದರೆ? ಆಗದ ಮಾತು. ಮೈಸೂರಿನ ರಿಂಗ್ ರಸ್ತೆಯಲ್ಲಿ, ವಿಮಾನ ನಿಲ್ದಾಣದ ಗೋಡೆಯಲ್ಲಿ, ಅತಿಥಿಗಳ ಕೈಗೆ ಕೊಟ್ಟ ಪುಸ್ತಿಕೆಯ ರಟ್ಟಿನ ಮೇಲೆ ಇದ್ದದ್ದು ಚಿಕ್ಕಬೀರಯ್ಯನ ಮುಖ. ಆ ಮುಖವನ್ನು ಆ ಹೂವಿನ ನಡುವೆ ನೋಡುವುದಕ್ಕೇ ಬಸ್ಸು ಹೊರಟಿತ್ತು.

ಹೇಳಿದರೆ ಅವನು ಎದ್ದು ನಿಲ್ಲುತ್ತಾನೆ, ಟೋಪಿ ಇಳಿಸುತ್ತಾನೆ, ಅಷ್ಟೇ. ಸಾವಿನ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಆಮೇಲೆ ಶುದ್ಧವಾಗುವ ತನಕ ಗೊರವ ಡಮರುಗ ಮುಟ್ಟುವ ಹಾಗಿಲ್ಲ.

ಕಿವಿಗೆ ಬಿದ್ದ ಗಳಿಗೆಯಿಂದ. ತೇಜಸ್ವಿನಿಯ ಮನಸ್ಸು ಆ ಮಾತನ್ನು ಹಿಡಿದುಕೊಂಡಿತು. ಹಾಗಾದರೆ ಬೀಳುವವರೆಗೆ ಇಲ್ಲ. ಬಸ್ಸು ಇನ್ನೇನು ಬರುತ್ತದೆ, ಒಂದು ಕುಣಿತ ಆಗಿಬಿಡಲಿ. ಆಮೇಲೆ ತಾನೇ ಕೈಹಿಡಿದು ಕಾರಿಗೆ ಹತ್ತಿಸಿಕೊಂಡು ಹೋದರಾಯಿತು. ತೆರಕಣಾಂಬಿ ದಾಟಿ ಚಾಮರಾಜನಗರ, ಅಲ್ಲಿಂದ ಹರದನಹಳ್ಳಿ ಎಷ್ಟು ಹೊತ್ತಿನ ದಾರಿ? ಹೊತ್ತು ಇನ್ನೂ ನೆತ್ತಿಗೂ ಬಂದಿರಲಿಲ್ಲ. ಅವಳು ಚಿಪ್ಸ್ ಪೊಟ್ಟಣಗಳನ್ನು ಮತ್ತೆ ಹೆಕ್ಕತೊಡಗಿದಳು.

ಆದರೆ ಬಸ್ಸು ಬರಲಿಲ್ಲ. ಸಂಸ್ಥೆಯ ಮ್ಯಾನೇಜರ್ ಮಲ್ಲಿಕಾರ್ಜುನಸ್ವಾಮಿ ಬಸ್ಸಿನಿಂದ ಫೋನು ಮಾಡಿ, "ನಂಜನಗೂಡಲ್ಲಿ ದೇವಸ್ಥಾನ ನೋಡ್ಬೇಕು ಅಂತ ಇಳಿದುಬಿಟ್ಟಿದ್ದಾರೆ ತೇಜಸ್ವಿನಿ, ನಾನೇನ್ ಮಾಡ್ಲಿ?" ಎಂದರು. ಮತ್ತೊಂದು ಸಲ ಮಾಡಿದಾಗ ಎಲ್ಲರೂ ಬೇಗೂರಿನ ಹತ್ತಿರ ಊಟಕ್ಕೆ ಕೂತಿದ್ದರು.

ನಡುನಡುವೆ ಬ್ಯಾಗಿನೊಳಗೆ ಮಾವನ ಫೋನು ಅದುರುತ್ತಿತ್ತು. ಅವಳು ದೂರ ಹೋಗಿ ಎತ್ತಿದಳು.

"ಎಲ್ಲಿಗೆ ಬಂದ್ರಿ ಅಕ್ಕ?"

"ಒಂಟಿದ್ದೀವಿ ಕಣಪ್ಪ."

ಆ ಮಾತು ತನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಗಾಬರಿಯಾಯಿತು. ಫೋನನ್ನು ಬ್ಯಾಗಿನ ತಳಕ್ಕೆ, ಮಗಳಿಗೆಂದು ಕೊಂಡಿಟ್ಟಿದ್ದ ಸ್ವೆಟರಿನ ಕೆಳಗೆ ತುರುಕಿದಳು.

ವಾಪಸು ಬಂದರೆ ಚಿಕ್ಕಬೀರಯ್ಯ ಕತ್ತೆತ್ತಿ ಅವಳನ್ನೇ ನೋಡುತ್ತಿದ್ದ. "ಅಮ್ಮಿ, ಮನೆ ಕಡೆಯಿಂದೇನಾರ ಪೋನ್ ಬಂದಿತ್ತಾ?"

"ಇಲ್ಲ ಮಾವ."

"ಯಾಕೋ ಎದೆ ಸುಮ್ಕಿಲ್ಲ ಕಣಮ್ಮಿ. ಬೆಳಿಗ್ಗೆ ಅಣ್ಣನ್ನ ಕೇಳ್ದೆ, ಓಗ್ಲಾ ಬ್ಯಾಡ್ವಾ ಅಂತ. 'ಓಗ್ ಕುಣಿಯೋಗ್ಲಾ, ನಿನ್ ಮೂತಿನ ಊರೂರ್ ಗೋಡೆಗೆಲ್ಲ ಅಂಟಿಸವ್ರೆ, ಈಗ ಬರಕಾಗಕ್ಕಿಲ್ಲ ಅಂದ್ರೆ ಬುಟ್ಟಾರಾ' ಅಂದ." ಅವನು ನಕ್ಕ. "ಅವನ್ಗೆ ವಟ್ಟೆಕಿಚ್ಚು. ನಂಗಿಂತ ಚೆಂದಾಗವ್ನೆ, ಪೋಟೊ ತೆಗ್ದಿದ್ದು ಮಾತ್ರ ನಂದು."

"ಚೆಂದ ಅನ್ನೋದು ದೂರದಿಂದ ತೆಗ್ದಿದ್ದಕ್ಕೆ ಕಣ್ ಮಾವ," ಎಂದು ರಂಗನಾಯಕ ಸೇರಿಸಿದ. "ವಸಿ ಅತ್ರಕ್ಕೆ ಓಗಿದ್ರೆ ಆ ಗೋಡೆ ತಾವ್ಕೆ ಯಾರೂ ಬತ್ತಿರ್ಲಿಲ್ಲ."

ಇಬ್ಬರೂ ನಕ್ಕರು. ತೇಜಸ್ವಿನಿಯೂ ನಗಬೇಕಾಯಿತು. ಈಗ ಹೇಳಿಬಿಡಲೇ? ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂದರೆ? ಕಾದಷ್ಟೂ ಹೇಳುವುದು ಕಷ್ಟವಾಗುತ್ತಿತ್ತು, ಹೇಳದೆ ಇದ್ದಷ್ಟೂ ಹೊತ್ತು ಜಾರುತ್ತಿತ್ತು. ಗೋಪಾಲಸ್ವಾಮಿ ಬೆಟ್ಟದ ಮೇಲಿದ್ದ ಮೋಡ ಸರಿದು ನೆರಳು ಪೂರ್ವಕ್ಕೆ ಹೊರಳಿತು.

ಬಸ್ಸು ಬಂದಾಗ ಅತಿಥಿಗಳು ಇಳಿಯುವುದಕ್ಕೂ ಪುರಸೊತ್ತಿಲ್ಲದೆ ಹೂವಿಗೆ ನುಗ್ಗಿದರು. ಕೊಚ್ಚಿಯ ಫೋಟೊಗ್ರಾಫರ್ ಒಬ್ಬ ಮಣ್ಣಿನಲ್ಲೇ ಅಂಗಾತ ಮಲಗಿಬಿಟ್ಟ. ದೆಹಲಿಯ ಒಬ್ಬ ಹುಡುಗಿ ಚಿಕ್ಕಬೀರಯ್ಯನನ್ನು ನೋಡಿದ್ದೇ ಕೈಯಲ್ಲಿದ್ದ ಪುಸ್ತಿಕೆಯ ರಟ್ಟು ನೋಡಿ, ಮತ್ತೆ ಅವನನ್ನು ನೋಡಿ ಕಿರುಚಿದಳು. ಅವಳನ್ನು ಲಕ್ಷಗಟ್ಟಲೆ ಜನ ಹಿಂಬಾಲಿಸುತ್ತಾರಂತೆ. ಬಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡ ಅತಿಥಿ ಅವಳೇ ಎಂದು ಮಲ್ಲಿಕಾರ್ಜುನಸ್ವಾಮಿ ಮೊದಲೇ ಎಚ್ಚರಿಸಿದ್ದರು.

"ಏಳು ಕೋಟಿಗೋ!" ಎಂದು ಚಿಕ್ಕಬೀರಯ್ಯ ಮೈಲಾರನ ಕೂಗು ಹಾಕಿ ಡಮರುಗ ನುಡಿಸಿದ. ಆ ವಯಸ್ಸಿನ ಕಾಲುಗಳು ಎಲ್ಲಿಂದ ಅಷ್ಟು ಹಗುರಾಗುತ್ತಿದ್ದವೋ. ಕಂಬಳಿಯ ಅಂಚು ಬೀಸಿ, ಕರಡಿಕೂದಲು ಅಲುಗಿ, ಭಂಡಾರದ ಅರಿಶಿನ ಗಾಳಿಗೆ ಹಾರಿ ಹೂವಿನ ಹಳದಿಗೆ ಬೆರೆಯಿತು. ಕ್ಯಾಮೆರಾಗಳೆಲ್ಲ ಅವನ ಸುತ್ತ ಮುತ್ತಿಕೊಂಡವು. ತೇಜಸ್ವಿನಿ ಮಾತ್ರ ಅವನ ನೆರಳನ್ನು ನೋಡುತ್ತಿದ್ದಳು. ಅದು ಉದ್ದವಾಗತೊಡಗಿತ್ತು.

ಕುಣಿತ ನಿಂತಿತು, ಚಪ್ಪಾಳೆ ಬಿತ್ತು. ಅವಳು ಕಾರಿನ ಡ್ರೈವರ್ ದೊರೆಸ್ವಾಮಿಗೆ ಕಣ್ಸನ್ನೆ ಮಾಡಿ ಮಾವನ ಕಡೆ ಹೆಜ್ಜೆ ಹಾಕಿದಳು. ಅಷ್ಟರಲ್ಲಿ ಮಲ್ಲಿಕಾರ್ಜುನಸ್ವಾಮಿ ಅಡ್ಡ ಬಂದರು.

"ಇನ್ನೊಂದು ಸಲ ಅಂತೆ. ಡ್ರೋನ್ ಹಾರಿಸ್ತಾರಂತೆ, ಮೇಲಿಂದ ಬೇಕಂತೆ."

"ಸಾರ್, ಆಗಲ್ಲ. ಅವರು ಹೋಗ್ಬೇಕು."

"ಎಲ್ಲಿಗೆ?"

ಇವರಿಗೆ ಹೇಳಿದರೆ ಮಾವನ ಕಿವಿಗೂ ಬೀಳುತ್ತದೆ. ಮಾವನಿಗಿಂತ ಮೊದಲು ಇವರಿಗೆ ಹೇಳುವುದು ಹೇಗೆ?

"ಐದು ನಿಮಿಷದ ಮಾತಿಗೆ ಯಾಕಿಷ್ಟು ಆಡ್ತೀರ," ಮಲ್ಲಿಕಾರ್ಜುನಸ್ವಾಮಿ ದನಿ ತಗ್ಗಿಸಿದರು. "ನಿಮ್ಮ ಹೆಸರು ಮೇಲಕ್ಕೆ ಕಳಿಸಿದ್ದೀನಮ್ಮ. ಇವತ್ತೇ ಕೆಡಿಸ್ಕೋಬೇಡಿ."

ಅವರು ಕೆಟ್ಟ ಮನುಷ್ಯರಲ್ಲ. ಬೆಳಿಗ್ಗೆಯಿಂದ ಅತಿಥಿಗಳ ಹಿಂದೆ ಓಡಾಡಿ ಅವರ ಮುಖವೂ ಬಾಡಿತ್ತು. ತೇಜಸ್ವಿನಿ ದೊರೆಸ್ವಾಮಿಗೆ ತಡಿ ಎಂದು ಕೈಸನ್ನೆ ಮಾಡಿದಳು.

ಡ್ರೋನು ಜೇನುಹುಳದ ಹಾಗೆ ಗುಂಯ್‌ಗುಡುತ್ತ ಮೇಲಕ್ಕೇರಿತು. ದೆಹಲಿಯ ಹುಡುಗಿ ಕ್ಯಾಮೆರಾವನ್ನು ಚಿಕ್ಕಬೀರಯ್ಯನ ಮುಖಕ್ಕೆ ಹಿಡಿದು, ಕುಣಿಯುವ ಮುಂಚೆ ಒಂದು ಮಾತು ಹೇಳಲಿ, ನೀವು ಇಂಗ್ಲಿಷಿಗೆ ಮಾಡಿಕೊಡಿ ಎಂದು ತೇಜಸ್ವಿನಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡಳು.

ಚಿಕ್ಕಬೀರಯ್ಯ ಟೋಪಿ ಸರಿಮಾಡಿಕೊಂಡ. "ಈಗ ಆಡೋದು ನಮ್ಮಣ್ಣ ಕಲ್ಸಿದ ಪದ. ಇದ ಅವ್ನೇ ಆಡ್ಬೇಕು, ನಂಗೆ ಆ ಗಂಟಲಿಲ್ಲ. ಈಗ ವಸಿ ಉಸಾರಿಲ್ದೆ ಮಲ್ಗವ್ನೆ. ಎದ್ಮೇಕೆ ಕರ್ಕಬತ್ತೀನಿ, ಮುಂದಿನ್ ಸಲ ಬಂದಾಗ ಅವನ್ನೇ ನೋಡೀರಂತೆ. ಅಂಗಂತ ಏಳಮ್ಮಿ ಇವ್ರಿಗೆ."

ಎಲ್ಲರೂ ಅವಳ ಕಡೆ ತಿರುಗಿದರು. ಹುಡುಗಿ ನಗುತ್ತ ತಲೆ ಆಡಿಸಿದಳು, ಹೇಳಿ ಎಂಬಂತೆ. ತೇಜಸ್ವಿನಿಯ ನಾಲಿಗೆಯ ಮೇಲೆ ಇಂಗ್ಲಿಷು ಸಿದ್ಧವಾಗಿಯೇ ಇತ್ತು. ಎಷ್ಟು ಸಲ ಎಷ್ಟು ಜನಕ್ಕೆ ಏನೇನೋ ಹೇಳಿದ ನಾಲಿಗೆ, ಈ ಬೆಟ್ಟ ಹೀಗೆ, ಈ ಕಾಡು ಹಾಗೆ, ಬನ್ನಿ, ನೋಡಿ ಎಂದು. ಎದ್ದ ಮೇಲೆ ಕರೆದುಕೊಂಡು ಬರುತ್ತಾನಂತೆ ಎಂಬುದೊಂದು ಮಾತು ಹೊರಡಲಿಲ್ಲ.

ಅವಳು ಕ್ಯಾಮೆರಾಕ್ಕೆ ಬೆನ್ನು ಹಾಕಿ ಮಾವನಿಗೆ ಎದುರಾದಳು.

"ಮಾವ. ದೊಡ್ಡಮಾವ ಇಲ್ಲ ಮಾವ. ಓಗ್ಬುಟ್ಟ."

ಚಿಕ್ಕಬೀರಯ್ಯ ಕೈಯಲ್ಲಿದ್ದ ಡಮರುಗವನ್ನು ರಂಗನಾಯಕನ ಕಡೆ ಚಾಚಿದ. ಆಮೇಲೆ ಎರಡೂ ಕೈ ಎತ್ತಿ ಟೋಪಿಯನ್ನು ಇಳಿಸಿ ಎದೆಗೆ ಅವುಚಿಕೊಂಡ. ಟೋಪಿಯ ಕೆಳಗಿದ್ದದ್ದು ಬೆವರಿಗೆ ಅಂಟಿದ ನಾಲ್ಕು ಬಿಳಿಗೂದಲಿನ ಒಂದು ಸಣ್ಣ ತಲೆ. ಅಷ್ಟೆತ್ತರದ ಮನುಷ್ಯ ಕಣ್ಣೆದುರೇ ಗಿಡ್ಡವಾಗಿಬಿಟ್ಟ. ವಿಭೂತಿಯ ಮೇಲೆ ನೀರು ಹರಿಯಿತು.

"ಬ್ಯೂಟಿಫುಲ್," ಎಂದು ಹುಡುಗಿ ಉಸಿರಿನಲ್ಲೇ ಹೇಳಿದಳು. ಇದೂ ಕುಣಿತದ ಭಾಗ ಎಂದೇ ತಿಳಿದಿದ್ದಳು. ಕ್ಯಾಮೆರಾ ಹಿಡಿದು ಇನ್ನೂ ಹತ್ತಿರಕ್ಕೆ ಬಂದಳು.

ತೇಜಸ್ವಿನಿ ಅಂಗೈಯನ್ನು ಲೆನ್ಸಿನ ಮೇಲೆ ಇಟ್ಟು ಒತ್ತಿದಳು. "ಅವರ ಅಣ್ಣ ತೀರಿಕೊಂಡಿದ್ದಾರೆ. ಇದು ಕಾರ್ಯಕ್ರಮ ಅಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹುಡುಗಿಯ ಕೈ ತಾನಾಗಿ ಕೆಳಗಿಳಿಯಿತು. ಮೇಲೆ ಮಾತ್ರ ಡ್ರೋನು ಗುಂಯ್‌ಗುಡುತ್ತಲೇ ಇತ್ತು.

"ಸಾರ್, ಅದನ್ನ ಇಳಿಸಿ. ತೆಗೆದಿದ್ದನ್ನೆಲ್ಲ ಅಳಿಸಿ. ಇದು ಎಲ್ಲಾದರೂ ಬಂದ್ರೆ ನಾನು ಸುಮ್ನಿರಲ್ಲ."

ಮಲ್ಲಿಕಾರ್ಜುನಸ್ವಾಮಿ ಅವಳನ್ನು, ಬರಿತಲೆಯ ಗೊರವನನ್ನು, ಕಲ್ಲಾಗಿ ನಿಂತ ಅತಿಥಿಗಳನ್ನು ನೋಡಿದರು. "ಇಳಿಸ್ರೀ," ಎಂದು ಡ್ರೋನಿನವನಿಗೆ ಹೇಳಿದರು. ಅವಳಿಗೆ, "ಕಾರು ತಗೊಂಡು ಹೋಗಿ. ನಾಳೆ ಆಫೀಸಿಗೆ ಬನ್ನಿ, ಮಾತಾಡೋಣ," ಎಂದರು. ಏನು ಮಾತು ಎಂಬುದು ಅವಳಿಗೆ ತಿಳಿಯಿತು.

ದೊರೆಸ್ವಾಮಿ ಕಾರನ್ನು ಹಾರಿಸಿಕೊಂಡೇ ಹೋದ. ತೆರಕಣಾಂಬಿಯಲ್ಲಿ ಸಂತೆಯಿಂದ ಮರಳುವ ಗಾಡಿಗಳು ರಸ್ತೆ ತುಂಬ ಸಿಕ್ಕಿಕೊಂಡಿದ್ದವು. ಅವನು ಹಾರ್ನಿನ ಮೇಲೆ ಕೈಯಿಟ್ಟು ಬೈದ, ಬೇಡಿಕೊಂಡ, ಕೊನೆಗೆ ಚರಂಡಿಯ ಅಂಚಿಗೆ ಗಾಲಿ ಇಳಿಸಿ ನುಸುಳಿದ. ಸೂರ್ಯ ಹಿಂದಿನ ಗಾಜಿನಲ್ಲಿ ಕೆಂಪಗಾಗುತ್ತಿದ್ದ.

ಚಿಕ್ಕಬೀರಯ್ಯ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಚಾಮರಾಜನಗರದ ಹತ್ತಿರ ಬಂದಾಗ ಕೇಳಿದ.

"ಪೋನು ಯಾವಾಗ ಬಂತಮ್ಮಿ?"

ಈಗಲೂ ಒಂದು ಸುಳ್ಳಿಗೆ ಜಾಗವಿತ್ತು. ಎರಡನೇ ಕುಣಿತಕ್ಕೆ ಮುಂಚೆ ಎಂದರೆ ಸಾಕಿತ್ತು.

"ಬೆಳಿಗ್ಗೆ. ನೀನು ಕನ್ನಡಿ ನೋಡ್ಕತಾ ಇದ್ದೆ."

ಅವನು ಕರಡಿಕೂದಲಿನಿಂದ ಒಂದು ಚೆಂಡುಹೂವಿನ ಎಸಳನ್ನು ತೆಗೆದು ಕಿಟಕಿಯಾಚೆ ಬಿಟ್ಟ.

"ಕುಣಿಯೋವಾಗ ನನ್ ಕಿವಿಗೆ ಬಿದ್ದಿರ್ಲಿಲ್ಲ, ನಂಗೆ ದೋಸ ಇಲ್ಲ. ಮೈಲಾರ ಕೇಳಿದ್ರೆ ಅಂಗೇ ಅಂತೀನಿ." ಸ್ವಲ್ಪ ದೂರ ಹೋದ ಮೇಲೆ ಅವಳ ಕಡೆ ತಿರುಗಿದ. "ನಿನ್ ಕಿವಿಗೆ ಬಿದ್ದಿತ್ತಲ್ಲ ಮಗಾ. ನೀನೆಂಗೆ ಅಲ್ಲಿ ನಿಂತ್ಕಂಡಿದ್ದೆ?"

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನು ನಿಜವಾಗಿಯೂ ಕೇಳುತ್ತಿದ್ದ.

ಹರದನಹಳ್ಳಿಯ ಮನೆಯ ಮುಂದೆ ಜನ ಎದ್ದು ನಿಂತಿದ್ದರು. ಜಗುಲಿಯ ಮೇಲೆ ದೊಡ್ಡಮಾವ ಟೋಪಿ ಧರಿಸಿ, ಗೋಡೆಗೆ ಒರಗಿ, ಯಾರಿಗೋ ಕಾಯುತ್ತಿದ್ದವನ ಹಾಗೆ ಕೂತಿದ್ದ. ಹೊತ್ತು ತೋಟದ ತೆಂಗಿನ ಸೋಗೆಗೆ ತಾಗಿತ್ತು. ಚಿಕ್ಕಬೀರಯ್ಯ ನೇರ ಹೋಗಿ, ಅಣ್ಣನ ಮುಂದೆ ಮಂಡಿಯೂರಿ, ಎರಡೂ ಕೈಯಿಂದ ಅವನ ಟೋಪಿಯನ್ನು ಎತ್ತಿಕೊಂಡ. ಹೆಂಗಸರ ದನಿ ಒಮ್ಮೆಲೇ ಏರಿತು.

ಶಿವಮಲ್ಲು ತೇಜಸ್ವಿನಿಯ ಹತ್ತಿರ ಬಂದ. ಅವನ ಕಣ್ಣು ಕೆಂಡವಾಗಿತ್ತು. "ಒಂಟಿದ್ದೀವಿ ಅಂದ್ಯಲ್ಲಕ್ಕ! ಎಣ ಎತ್ಬುಡನ ಅಂತ ಊರೋರು, ಬ್ಯಾಡ ಅಂತ ನಾನು. ಎಲ್ಲಿದ್ರಿ ಇಷ್ಟೊತ್ತು?"

"ಬುಡ್ಲಾ, ದಾರೀಲಿ ತಡ ಆಯ್ತು," ಎಂದು ಜಗುಲಿಯಿಂದಲೇ ಚಿಕ್ಕಬೀರಯ್ಯ ಹೇಳಿದ.

ಅದನ್ನು ಹಾಗೇ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು.

"ದಾರೀಲಲ್ಲ," ಎಂದಳು ತೇಜಸ್ವಿನಿ. ಸುತ್ತ ನಿಂತವರೆಲ್ಲ ಕೇಳುವಷ್ಟು ಗಟ್ಟಿಯಾಗಿ ಬಂತು ದನಿ. "ನಾನೇ ಏಳ್ಲಿಲ್ಲ ಕಣಪ್ಪ. ಬಸ್ಸಲ್ಲಿ ಬಂದೋರ ಮುಂದೆ ಮಾವ ಕುಣೀಲಿ ಅಂತ ಇಟ್ಕಂಡಿದ್ದೆ. ಮಾವಂಗೆ ಗೊತ್ತಿರ್ಲಿಲ್ಲ. ನಂಗೆ ಗೊತ್ತಿತ್ತು."

ಶಿವಮಲ್ಲು ಹಿಂದಕ್ಕೆ ಸರಿದ. ಯಾರೋ ಥೂ ಎಂದರು.

ಗಂಡನ ಕಾಲ ಬಳಿ ಕೂತಿದ್ದ ಶಿವಮಲ್ಲುವಿನ ಅವ್ವ ಮಂಚಮ್ಮ ಎದ್ದು ಬಂದಳು. ಅಂಗಳದ ಮೂಲೆಯಲ್ಲಿದ್ದ ತಾಮ್ರದ ಚೆಂಬನ್ನು ಹಂಡೆಗೆ ಅದ್ದಿ ತುಂಬಿಸಿ, ತೇಜಸ್ವಿನಿಯ ಕೈಗೆ ತುರುಕಿದಳು.

"ಸುದ್ದಿ ಕೇಳ್ದೋಳು ಮೊದ್ಲು ತಲೆ ಮ್ಯಾಲೆ ನೀರುಯ್ಕಬೇಕು. ಬೆಳಿಗ್ಗೆಯಿಂದ ಅಂಗೇ ಇದ್ದೀಯ. ಉಯ್ಕಂಡು ನಿಮ್ಮ ದೊಡ್ಡಮಾವನ ಕಾಲು ಮುಟ್ಟು. ಬಯ್ಯೋದಿದೆ ನಿಂಗೆ, ಬೇಕಾದಂಗೆ ಬಯ್ತೀನಿ. ಅವ್ನು ಮಣ್ಗೋಗ್ಲಿ ಮೊದ್ಲು."

ತೇಜಸ್ವಿನಿ ಕೊರಳಿನಲ್ಲಿ ನೇತಾಡುತ್ತಿದ್ದ ಗುರುತಿನ ಕಾರ್ಡನ್ನು ತೆಗೆದು ಚಪ್ಪಲಿಯ ಪಕ್ಕ ಇಟ್ಟಳು. ಉಟ್ಟ ಬಟ್ಟೆಯಲ್ಲೇ ಚೆಂಬು ಎತ್ತಿ ನೆತ್ತಿಯ ಮೇಲೆ ಸುರಿದುಕೊಂಡಳು. ನೀರು ಕಿವಿಯೊಳಕ್ಕೂ ಇಳಿಯಿತು.